ದಿನಕ್ಕೆ 13 ನಿಮಿಷ

2018ರ ಡಿಸೆಂಬರ್ 8, ಶನಿವಾರ ರಾತ್ರಿ ಎಂಟು ಗಂಟೆ ದಾಟಿತ್ತು. ಕ್ಯಾಲಿಫೋರ್ನಿಯಾದ ಲಾಂಪಾಕ್ ಊರಿನ ಹೊರಗೆ ರಸ್ತೆ ಬದಿ ಕಾರು ನಿಲ್ಲಿಸಿಕೊಂಡು ಕಂಬಳಿ ಹೊದ್ದು ಕೂತಿದ್ದೆವು. ನಾನು, ನನ್ನ ಗಂಡ, ಒಂಬತ್ತು ವರ್ಷದ ಮಗಳು. ಎದುರಿಗೆ ಕಪ್ಪು ಗುಡ್ಡಗಳ ಸಾಲು. ಅದರಾಚೆ ವ್ಯಾಂಡನ್‌ಬರ್ಗ್ ವಾಯುಪಡೆ ನೆಲೆಯ ಆರನೇ ಉಡಾವಣಾ ಕಟ್ಟೆ. ಫೋನಿನಲ್ಲಿ ಎಣಿಕೆ ನಡೀತಿತ್ತು. ಮಗಳೂ ಜೊತೆಗೆ ಎಣಿಸುತ್ತಿದ್ದಳು. ಹತ್ತು, ಒಂಬತ್ತು, ಎಂಟು. ಅಷ್ಟಕ್ಕೇ ಎಣಿಕೆ ನಿಂತುಹೋಯಿತು. ಇನ್ನು ಏಳೂವರೆ ಸೆಕೆಂಡ್ ಇತ್ತು ಅಷ್ಟೇ.

ಸ್ಯಾನ್ ಹೋಸೆಯಿಂದ ನಾಲ್ಕು ಗಂಟೆಗೂ ಜಾಸ್ತಿ ಕಾರು ಓಡಿಸಿಕೊಂಡು ಬಂದಿದ್ದೆವು. ಅಷ್ಟೇ ದಾರಿ ವಾಪಸ್. ಮಗಳು ಹಿಂದಿನ ಸೀಟಿನಲ್ಲಿ ಚಿತ್ರಾನ್ನದ ಡಬ್ಬಿ ತೊಡೆ ಮೇಲೆ ಇಟ್ಟುಕೊಂಡೇ ನಿದ್ದೆ ಹೋದಳು. ನನಗೆ ಮಾತ್ರ ನಿದ್ದೆ ಹತ್ತಿರ ಸುಳಿಯಲಿಲ್ಲ.

ಹಾರಬೇಕಿದ್ದದ್ದು ಡೆಲ್ಟಾ 4 ಹೆವಿ. ಮೂರು ದೊಡ್ಡ ಕೊಳವೆಗಳನ್ನು ಅಕ್ಕಪಕ್ಕ ಜೋಡಿಸಿದ, 70 ಮೀಟರ್‌ಗೂ ಎತ್ತರದ ರಾಕೆಟ್. ಅದರ ತಲೆಯಲ್ಲಿದ್ದದ್ದು ಅಮೆರಿಕದ ಬೇಹುಗಾರಿಕಾ ಉಪಗ್ರಹ. ಎನ್‌ಆರ್‌ಒಎಲ್-71 ಅನ್ನುವ ಉಡಾವಣೆ ಸಂಖ್ಯೆ ಬಿಟ್ಟರೆ ಅದರ ಬಗ್ಗೆ ಏನನ್ನೂ ಹೇಳಿರಲಿಲ್ಲ. ಏನು ಮಾಡುತ್ತದೆ, ಎಷ್ಟು ಎತ್ತರಕ್ಕೆ ಹೋಗುತ್ತದೆ, ಯಾವ ದಾರಿಯಲ್ಲಿ ಸುತ್ತುತ್ತದೆ, ಎಲ್ಲವೂ ಗುಟ್ಟು.

ಆದರೆ ಒಂದು ವಿಷಯವನ್ನು ಯಾರೂ ಮುಚ್ಚಿಡುವ ಹಾಗಿಲ್ಲ. ರಾಕೆಟ್ಟಿನ ಖಾಲಿಯಾದ ಭಾಗಗಳು ಸಮುದ್ರಕ್ಕೆ ಬೀಳುತ್ತವೆ, ಅಲ್ವಾ? ಆ ಜಾಗದಲ್ಲಿ ಹಡಗೂ ಇರಬಾರದು, ವಿಮಾನವೂ ಹಾರಬಾರದು. ಹಾಗಾಗಿ ಉಡಾವಣೆಗೆ ಮುಂಚೆ ನಾವಿಕರಿಗೆ, ಪೈಲಟ್‌ಗಳಿಗೆ ಎಚ್ಚರಿಕೆ ಹೋಗುತ್ತದೆ. ಅಕ್ಷಾಂಶ ಇಷ್ಟು, ರೇಖಾಂಶ ಇಷ್ಟು, ಇಷ್ಟು ಹೊತ್ತಿನಿಂದ ಇಷ್ಟು ಹೊತ್ತಿನವರೆಗೆ ಅಂತ. ಅದು ಯಾರು ಬೇಕಾದರೂ ಓದಬಹುದಾದ ಎಚ್ಚರಿಕೆ. ಗುಪ್ತ ಉಪಗ್ರಹಗಳ ಹಿಂದೆ ಬೀಳುವ ನಮ್ಮಂಥ ಹವ್ಯಾಸಿಗಳಿಗೆ ಮೊದಲ ಎಳೆ ಸಿಗುವುದು ಇಲ್ಲೇ.

ನಮ್ಮ ಊಟದ ಮೇಜಿನ ಮೇಲೆ ಪೆಸಿಫಿಕ್ ಸಾಗರದ ನಕ್ಷೆ ಹರಡಿ ಆ ಚೌಕಗಳನ್ನು ಪೆನ್ಸಿಲ್‌ನಲ್ಲಿ ಗುರುತು ಮಾಡಿದ್ದೆ. ಹೋಗುತ್ತಿರುವುದು ಕೆಎಚ್-11 ಬಗೆಯದ್ದು ಅಂತ ಹಲವರು ಅಂದುಕೊಂಡಿದ್ದರು. ನೆಲದ ಫೋಟೋ ತೆಗೆಯುವ, ದೊಡ್ಡ ದೂರದರ್ಶಕದಂಥ ಉಪಗ್ರಹ ಅದು. ಅಂಥವು ಧ್ರುವಗಳ ಹತ್ತಿರ ಹಾದುಹೋಗುತ್ತವೆ. ಒಂದು ಊರಿನ ಮೇಲೆ ಯಾವಾಗ ಬಂದರೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಬರುವ ಹಾಗೆ ದಾರಿ ಹೊಂದಿಸಿರುತ್ತಾರೆ. ನೆರಳುಗಳು ದಿನಾ ಒಂದೇ ಉದ್ದ ಇದ್ದರೆ ಫೋಟೋ ಹೋಲಿಸಿ ನೋಡೋದು ಸುಲಭ. ಅಂಥ ಕಕ್ಷೆಗೆ ವ್ಯಾಂಡನ್‌ಬರ್ಗ್‌ನಿಂದ ಹೊರಟ ರಾಕೆಟ್ ದಕ್ಷಿಣಕ್ಕೆ ಹೋಗುತ್ತಾ ಸ್ವಲ್ಪ ಪಶ್ಚಿಮಕ್ಕೆ ವಾಲಬೇಕು.

ನನ್ನ ಚೌಕಗಳು ಪೂರ್ವಕ್ಕೆ ವಾಲಿದ್ದವು. ತಪ್ಪಾಗಿ ಗುರುತು ಮಾಡಿದೆನೇನೋ ಅಂತ ಅಳಿಸಿ ಮತ್ತೆ ಹಾಕಿದೆ. ಮತ್ತೆ ಅಲ್ಲೇ ಬಂತು. ನನಗಿಂತ ಎಷ್ಟೋ ವರ್ಷ ಹೆಚ್ಚಿನ ಅನುಭವ ಇರುವವರೂ ಅದನ್ನೇ ಕಂಡುಕೊಂಡಿದ್ದರು. ಕಕ್ಷೆಯ ಓರೆ, ಅಂದರೆ ಭೂಮಧ್ಯರೇಖೆಗೆ ಅದು ಎಷ್ಟು ವಾಲಿದೆ ಅನ್ನುವುದು, 98 ಡಿಗ್ರಿಯ ಆಸುಪಾಸಲ್ಲ, ಸುಮಾರು 74 ಡಿಗ್ರಿ. ಅಂದರೆ ಎಲ್ಲರೂ ನಿರೀಕ್ಷಿಸಿದ ದಾರಿಯೇ ಅಲ್ಲ. ಆ ಪೆನ್ಸಿಲ್ ಗೆರೆ ನೋಡುತ್ತಾ ಎಷ್ಟು ಹೊತ್ತು ಕೂತಿದ್ದೆನೋ, ಒಲೆ ಮೇಲಿದ್ದ ಹಾಲು ಉಕ್ಕಿ ಚೆಲ್ಲಿದ್ದೂ ಗೊತ್ತಾಗಲಿಲ್ಲ.

ಡಿಸೆಂಬರ್ 18ರ ಸಂಜೆ ಮತ್ತೆ ಪ್ರಯತ್ನ. ಜೋರು ಗಾಳಿ, ಮುಂದೂಡಿದರು. 19ರಂದು ಹೈಡ್ರೋಜನ್ ಸೋರಿಕೆ, ಮತ್ತೆ ಮುಂದೂಡಿದರು. ಕೆಲಸದ ದಿನಗಳಾದ್ದರಿಂದ ನಾವು ಹೋಗಿರಲಿಲ್ಲ. ಮನೆಯಲ್ಲೇ ಕೂತು ಆ ಎರಡು ದಿನಗಳ ಸಮಯ ನೋಡಿದೆ. ಮೊದಲ ದಿನ 5:57. ಮರುದಿನ 5:44. 13 ನಿಮಿಷ ಮುಂಚೆ.

ಈ 13 ನಿಮಿಷ ನನ್ನನ್ನು ಹಿಡಿದುಬಿಟ್ಟಿತು. ಎಲ್ಲರೂ ಅಂದುಕೊಂಡ ಕಕ್ಷೆಯೇ ಆಗಿದ್ದರೆ ದಿನಾ ಒಂದೇ ಹೊತ್ತಿಗೆ ಹಾರಿಸಬೇಕಿತ್ತು. ಇಲ್ಲಿ ಹೊತ್ತು ಜಾರುತ್ತಿದೆ. ಆಕಾಶದಲ್ಲಿ ಇಂಥದ್ದೇ ಒಂದು ಗೆರೆಗೆ ಸೇರಿಸಬೇಕು ಅಂತ ಅವರು ಗೊತ್ತು ಮಾಡಿಕೊಂಡಿರಬೇಕು. ಆ ಗೆರೆ ದಿನದಿನಕ್ಕೂ ಸರಿಯುತ್ತಿರಬೇಕು.

ಅದರಲ್ಲಿ 4 ನಿಮಿಷದ ಲೆಕ್ಕ ನನಗೆ ಚಿಕ್ಕಂದಿನಿಂದ ಗೊತ್ತು. ತಿಪಟೂರಿನ ನಮ್ಮ ಮನೆ ಅಂಗಳದಲ್ಲಿ ಅಪ್ಪ ತೋರಿಸಿಕೊಟ್ಟದ್ದು. ಕೃತ್ತಿಕೆ ದಿನಾ ಒಂದಿಷ್ಟು ಮುಂಚೆ ಮೂಡುತ್ತೆ ನೋಡು, ತಿಂಗಳಿಗೆ ಎರಡು ಗಂಟೆ ಮುಂದಕ್ಕೆ ಬರುತ್ತೆ ಅನ್ನುತ್ತಿದ್ದರು. ದಿನಕ್ಕೆ ಹಂಚಿದರೆ 4 ನಿಮಿಷ. ಉಳಿದದ್ದು 9. ಭೂಮಿ ಸರಿಯಾದ ಗುಂಡಲ್ಲ, ನಡುವಿನಲ್ಲಿ ಸ್ವಲ್ಪ ಉಬ್ಬಿದೆ. ಆ ಉಬ್ಬು ಕಕ್ಷೆಯನ್ನು ಎಳೆದು ನಿಧಾನಕ್ಕೆ ತಿರುಗಿಸುತ್ತಾ ಹೋಗುತ್ತದೆ. ಎತ್ತರ 400 ಕಿಲೋಮೀಟರ್, ಓರೆ 74 ಡಿಗ್ರಿ ಅಂತ ಇಟ್ಟು ಲೆಕ್ಕ ಮಾಡಿದೆ. ದಿನಕ್ಕೆ 2.2 ಡಿಗ್ರಿ ಪಶ್ಚಿಮಕ್ಕೆ. ನಿಮಿಷಕ್ಕೆ ತಿರುಗಿಸಿದರೆ ಹತ್ತಿರ ಹತ್ತಿರ 9. ಮಗಳ ಗಣಿತದ ಪುಸ್ತಕದ ಕೊನೆ ಹಾಳೆಯಲ್ಲಿ ಮಾಡಿದ ಲೆಕ್ಕ ಅದು. ಸಮುದ್ರದ ಮೇಲಿನ ಚೌಕಗಳು ಹೇಳಿದ್ದನ್ನೇ ಗಡಿಯಾರವೂ ಹೇಳುತ್ತಿತ್ತು! ಆ ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. ಅಲ್ಲಿ ಬೆಳಗಾಗಿತ್ತು.

"ಇನ್ನೂ ಹಾರಲಿಲ್ವೇನಮ್ಮ ಅದು?" ಅಂದರು.

"ಇಲ್ಲ ಅಪ್ಪ. ಆದರೆ ಎಲ್ಲಿಗೆ ಹೋಗುತ್ತೆ ಅಂತ ಗೊತ್ತಾಯ್ತು."

ಜನವರಿ 19ಕ್ಕೆ ಹೊಸ ದಿನಾಂಕ ಬಂದಾಗ ನಾನು ಡಿಸೆಂಬರ್ 19ರ 5:44ರಿಂದ ದಿನಕ್ಕೆ 13 ನಿಮಿಷದಂತೆ 31 ದಿನಕ್ಕೆ ಹೊತ್ತನ್ನು ಹಿಂದಕ್ಕೆ ಎಣಿಸಿದ್ದೆ. ಬೆಳಗ್ಗೆ 11 ಗಂಟೆ 1 ನಿಮಿಷ ಬಂದಿತ್ತು. ರಾಕೆಟ್ ಹಾರಿದ್ದು 11:10ಕ್ಕೆ.

ಅಂದು ಶನಿವಾರ. ಈ ಸಲವೂ ಅದೇ ರಸ್ತೆ ಬದಿ. ಗುಡ್ಡದ ಮೇಲಿಂದ ರಾಕೆಟ್ ಎದ್ದು ಬಂದಾಗ ಮೊದಲು ಸದ್ದೇ ಇಲ್ಲ. ಕಿತ್ತಳೆ ಬಣ್ಣದ ಮೂರು ಬುಡ, ಕೆಳಗೆ ಉದ್ದನೆಯ ಬೆಂಕಿ. ಹೈಡ್ರೋಜನ್ ಉರಿದರೆ ನೀರಾವಿ ತಾನೇ, ಹೊಗೆಯ ಬಾಲ ಇರಲೇ ಇಲ್ಲ. ಅಷ್ಟು ದೊಡ್ಡದು ಅಷ್ಟು ನಿಧಾನಕ್ಕೆ ಏಳುವುದನ್ನು ನೋಡುತ್ತಾ ಉಸಿರು ಬಿಗಿಹಿಡಿದಿದ್ದೆ. ಸುಮಾರು ಮುಕ್ಕಾಲು ನಿಮಿಷ ಆದ ಮೇಲೆ ಸದ್ದು ಬಂತು. ಕಿವಿಗಿಂತ ಮುಂಚೆ ಎದೆಗೆ ತಾಗಿತು. ಮಗಳು ನನ್ನ ಸೊಂಟ ಗಟ್ಟಿಯಾಗಿ ಹಿಡಿದುಕೊಂಡಳು. ಕೆಲವು ನಿಮಿಷಗಳ ಮೇಲೆ, ಉಪಗ್ರಹದ ಹೊದಿಕೆ ಕಳಚಿತು ಅನ್ನುವ ಹೊತ್ತಿಗೆ, ನೇರ ಪ್ರಸಾರ ನಿಲ್ಲಿಸಿದರು. ಗುಪ್ತ ಉಡಾವಣೆಗಳಲ್ಲಿ ಹಾಗೇ ಮಾಡುತ್ತಾರೆ. ನೋಡಲು ಬಂದ ಜನ ಕುರ್ಚಿ ಮಡಚಿದರು.

ಪಕ್ಕದಲ್ಲಿ ಒಬ್ಬ ವಯಸ್ಸಾದವರು ಇನ್ನೂ ಕೂತಿದ್ದರು. ಕೊರಳಲ್ಲಿ ಹಳೆಯ ಬೈನಾಕ್ಯುಲರ್. ಹುಡುಗನಾಗಿದ್ದಾಗಿನಿಂದ ಉಪಗ್ರಹ ನೋಡುತ್ತಿದ್ದಾರಂತೆ. ನನ್ನ ಲೆಕ್ಕದ ಹಾಳೆ ತೋರಿಸಿದೆ. ಬೆರಳಿಟ್ಟು ಸಾಲುಸಾಲಾಗಿ ಓದಿದರು. ಆಮೇಲೆ ಹೇಳಿದರು: "ಅದು ಕಾಣಿಸುವಾಗ ಅದನ್ನೇ ನೋಡ್ತಾ ಇರಬೇಡಿ. ದಾರಿಯಲ್ಲಿರುವ ಎರಡು ನಕ್ಷತ್ರ ಮೊದಲೇ ಆರಿಸಿಕೊಳ್ಳಿ. ಕಣ್ಣು ಅಲ್ಲೇ ಇರಲಿ. ಅವೆರಡರ ನಡುವಿನ ಗೆರೆ ದಾಟಿದ ಕೂಡಲೇ ಸ್ಟಾಪ್‌ವಾಚ್ ಒತ್ತಿ."

ಆದರೆ ಕಾಣಲು ಕಾಯಬೇಕಿತ್ತು. ನಮ್ಮ ಕಡೆ ಆಗ ಅದು ಹಾಯುತ್ತಿದ್ದದ್ದು ಬೆಳಗ್ಗೆ 11ರ ಹೊತ್ತಿಗೆ, ಇಲ್ಲವೇ ನಡುರಾತ್ರಿ ಕಳೆದ ಮೇಲೆ. ಹಗಲಲ್ಲಿ ಆಕಾಶದ ಬೆಳಕು, ರಾತ್ರಿಯಲ್ಲಿ ಭೂಮಿಯ ನೆರಳು. ಉಪಗ್ರಹ ಕಾಣಬೇಕಾದರೆ ನಾವು ಕತ್ತಲಲ್ಲಿರಬೇಕು, ಅದು ಬಿಸಿಲಲ್ಲಿರಬೇಕು. ಅಂದರೆ ಮುಸ್ಸಂಜೆ ಅಥವಾ ನಸುಕು. ದಿನಕ್ಕೆ 13 ನಿಮಿಷದಂತೆ ನಡುರಾತ್ರಿಯಿಂದ ಸಂಜೆಗೆ ಇಳಿದು ಬರಲು ಸುಮಾರು ನಾಲ್ಕು ವಾರ. ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ಫೆಬ್ರವರಿ ನಡುವಿಗೆ ಒಂದು ಸುತ್ತು ಹಾಕಿದೆ.

ಆ ವಾರಗಳಲ್ಲಿ ಒಂದು ರಾತ್ರಿ ಇವರು ಕೇಳಿದರು, "ಒಂದು ದೇಶ ಮುಚ್ಚಿಟ್ಟದ್ದನ್ನು ಹೀಗೆ ಹುಡುಕೋದು ಸರೀನಾ?" ನಾನೂ ಇದನ್ನು ತುಂಬಾ ಯೋಚಿಸಿದ್ದೇನೆ. ಯಾರಿಂದ ಮುಚ್ಚಿಡಬೇಕೋ ಅಂಥ ದೊಡ್ಡ ದೇಶಗಳ ಹತ್ತಿರ ರಾಡಾರ್ ಇದೆ, ದೂರದರ್ಶಕ ಇದೆ. ಮನೆ ಅಂಗಳದಲ್ಲಿ ನಿಂತು ನಾನು ಕಾಣುವುದು ಅವರಿಗೆ ಹೊಸದೇನಲ್ಲ. ಗೊತ್ತಿಲ್ಲದೆ ಉಳಿಯುವವರು ನಮ್ಮಂಥ ಸಾಮಾನ್ಯರು ಮಾತ್ರ. ನಮ್ಮ ತಲೆ ಮೇಲೆ ಏನು ಸುತ್ತುತ್ತಿದೆ ಅಂತ ತಿಳಿದುಕೊಳ್ಳುವ ಹಕ್ಕು ನಮಗಿದೆ ಅಂತ ನಾನು ನಂಬುತ್ತೇನೆ. 1966ರಲ್ಲಿ ಇಂಗ್ಲೆಂಡಿನ ಕೆಟರಿಂಗ್ ಊರಿನ ಶಾಲೆಯಲ್ಲಿ ಜೆಫ್ರಿ ಪೆರಿ ಅನ್ನುವ ಮೇಷ್ಟ್ರು ಮತ್ತು ಅವರ ವಿದ್ಯಾರ್ಥಿಗಳು ರೇಡಿಯೋ ಇಟ್ಟುಕೊಂಡು ಸೋವಿಯತ್ ಉಪಗ್ರಹಗಳ ಸದ್ದು ಕೇಳುತ್ತಾ, ಲೆಕ್ಕ ಹಾಕುತ್ತಾ, ಸೋವಿಯತ್ ಒಕ್ಕೂಟ ಬಾಯಿಬಿಡದ ಪ್ಲೆಸೆಟ್ಸ್ಕ್ ಉಡಾವಣಾ ನೆಲೆಯನ್ನೇ ಪತ್ತೆ ಮಾಡಿದರು. ಶಾಲಾ ಮಕ್ಕಳು!

2018ರ ಜನವರಿಯದ್ದು ನನಗೆ ಇನ್ನೂ ಪ್ರೀತಿಯ ಕಥೆ. ಕೆನಡಾದ ಸ್ಕಾಟ್ ಟಿಲ್ಲಿ ಅನ್ನುವ ಹವ್ಯಾಸಿ, ಆಗಷ್ಟೇ ಹಾರಿದ್ದ ಝೂಮಾ ಅನ್ನುವ ಗುಪ್ತ ಉಪಗ್ರಹದ ರೇಡಿಯೋ ಸುಳಿವಿಗಾಗಿ ಹುಡುಕುತ್ತಿದ್ದರು. ಅದು ಸಿಗಲಿಲ್ಲ. ಬದಲಿಗೆ ನಾಸಾದ ಇಮೇಜ್ ಉಪಗ್ರಹದ ಸಂಕೇತ ಸಿಕ್ಕಿತು. 2005ರ ಡಿಸೆಂಬರ್‌ನಲ್ಲಿ ಮಾತು ನಿಲ್ಲಿಸಿದ್ದ, ಸತ್ತೇ ಹೋಯಿತು ಅಂದುಕೊಂಡಿದ್ದ ಉಪಗ್ರಹ. ಇದನ್ನು ಹೇಳಿದಾಗ ಇವರು ಸ್ವಲ್ಪ ಹೊತ್ತು ಸುಮ್ನೆ ಇದ್ದರು. ಮರುದಿನ ಸಂಜೆ ಗ್ಯಾರೇಜಿನಿಂದ ಕ್ಯಾಮೆರಾ ಸ್ಟ್ಯಾಂಡ್ ಹುಡುಕಿ ತಂದುಕೊಟ್ಟರು.

ಆ ಉಪಗ್ರಹಕ್ಕೆ ಸರ್ಕಾರ ಯುಎಸ್‌ಎ 290 ಅನ್ನುವ ಹೆಸರು ಕೊಟ್ಟಿತು. ಕಕ್ಷೆಯ ಅಂಕಿ ಕೊಡಲಿಲ್ಲ. ಹವ್ಯಾಸಿಗಳು ನೋಡಿ, ಅಳೆದು, ಲೆಕ್ಕ ಹಾಕಿದರು. ಎತ್ತರ ಸುಮಾರು 400 ಕಿಲೋಮೀಟರ್, ಓರೆ 74 ಡಿಗ್ರಿಗೆ ಒಂದಿಷ್ಟು ಕಮ್ಮಿ.

ಫೆಬ್ರವರಿ ನಡುವಿನ, ಮಳೆ ಬಿಟ್ಟ ಒಂದು ಸಂಜೆ. ಏಳು ಗಂಟೆ ಹತ್ತಿರ. ಹಿತ್ತಲಿನ ಹುಲ್ಲು ಇನ್ನೂ ಒದ್ದೆ. ನೆತ್ತಿಯ ಹತ್ತಿರ ರೋಹಿಣಿ ಕೆಂಪಗೆ, ಅದರ ಪಕ್ಕಕ್ಕೆ ಕೃತ್ತಿಕೆಯ ಗೊಂಚಲು. ದಾರಿ ಅವೆರಡರ ನಡುವೆಯೇ ಹೋಗಬೇಕಿತ್ತು. ಬೈನಾಕ್ಯುಲರ್ ಕೆಳಗಿಟ್ಟೆ. ಮಗಳ ಕೈಗೆ ಸ್ಟಾಪ್‌ವಾಚ್ ಕೊಟ್ಟೆ.

"ಅಮ್ಮ, ಬರ್ತಾ ಇದೆ!"

ದಕ್ಷಿಣದಿಂದ ಒಂದು ಚುಕ್ಕೆ. ಮಿನುಗಲಿಲ್ಲ, ಸದ್ದಿಲ್ಲ. ಎರಡು ತಿಂಗಳು ಕಾಗದದ ಮೇಲೆ ಮಾತ್ರ ನೋಡಿದ್ದ ಗೆರೆ ಈಗ ನಮ್ಮ ಹಿತ್ತಲಿನ ಮೇಲೆ ತಾನಾಗಿ ಎಳೆದುಕೊಳ್ಳುತ್ತಿತ್ತು. ಕಣ್ಣು ರೋಹಿಣಿಯ ಮೇಲಿಟ್ಟೆ. ಗಂಟಲು ಕಟ್ಟಿತ್ತು. "ಈಗ" ಅನ್ನುವಷ್ಟರಲ್ಲಿ ಟಕ್ ಅಂತ ಸದ್ದು ಕೇಳಿಸಿತು. ಮಗಳು ಒತ್ತಿಯಾಗಿತ್ತು.

ಚುಕ್ಕೆ ಉತ್ತರಕ್ಕೆ ಸಾಗಿ ಪಕ್ಕದ ಮನೆಯ ಮರದ ಹಿಂದೆ ಮರೆಯಾಯಿತು. ಮಗಳು ಸ್ಟಾಪ್‌ವಾಚನ್ನು ಬಾಗಿಲ ದೀಪದ ಕೆಳಗೆ ಹಿಡಿದು ನಿಮಿಷ, ಸೆಕೆಂಡ್ ಜೋರಾಗಿ ಓದಿದಳು. ಗಣಿತದ ಪುಸ್ತಕದ ಕೊನೆ ಹಾಳೆಯಲ್ಲಿ, ನನ್ನ ಲೆಕ್ಕದ ಕೆಳಗೆ, ಅವಳೇ ಬರೆದಳು.