ಗಾಡಿ ಮಾರಿದ್ರೂ ಹೆಸರು ನಿಮ್ದ ಇದ್ರ

2025ರ ನವೆಂಬರ್ 10ಕ್ಕ ದಿಲ್ಲಿ ಕೆಂಪುಕೋಟೆ ಹತ್ರ ಕಾರ್ ಸ್ಫೋಟ ಆತಲ್ರಿ, ಆವಾಗ ಪೊಲೀಸ್ರು ಗಾಡಿ ನಂಬರ್ ಹಿಡ್ಕೊಂಡು ಹುಡುಕಿದಾಗ ಸಿಕ್ಕಿದ್ದು ಗುರುಗ್ರಾಮದ ಒಬ್ಬಾವನ ಹೆಸರು. ಆತ ಆ ಕಾರ್ ಎಂದೋ ಮಾರಿ ಕೈ ತೊಳ್ಕೊಂಡಿದ್ದ, ಅದು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿ ಹೋಗಿತ್ತು, ಆದ್ರ ಆರ್‌ಸಿಯೊಳಗ ಹೆಸರು ಅವಂದ ಉಳಿದಿತ್ತು. ಇದು ದಿಲ್ಲಿ ಕಡೆ ಸುದ್ದಿ ಅಂತ ಬಿಡಂಗಿಲ್ರಿ, ನಮ್ಮ ಹುಬ್ಬಳ್ಳಿ ಗದಗ ಕಡೆ ಸೆಕೆಂಡ್ ಹ್ಯಾಂಡ್ ಗಾಡಿ ವ್ಯಾಪಾರ ನಡಿಯೋದೂ ಹಿಂಗ. ಏಜೆಂಟ್ ಗಾಡಿ ಹೆಸರು ಬದಲಿ ಮಾಡಾಕ ಬೇಕಾಗೋ 29, 30 ನಂಬರ್ ಫಾರ್ಮ್ ಮುಂದಿಡ್ತಾನ, "ಸಹಿ ಅಷ್ಟ ಮಾಡ್ರಿ ಸರ, ಹೆಸರು ತಾರೀಖು ಖಾಲಿ ಬಿಡ್ರಿ, ಪಾರ್ಟಿ ಸಿಕ್ಕ ಮ್ಯಾಲ ನಾವ ತುಂಬ್ಕೋತೀವಿ" ಅಂತಾನ. ಯಾಕಂದ್ರ ಅವನ ಹೆಸರಿಗೆ ಒಮ್ಮೆ ಮಾಡ್ಕೊಂಡ್ರ ಖರ್ಚು ಬರ್ತೈತಿ, ಮ್ಯಾಲ ಗಾಡಿ ಸೆಕೆಂಡ್ ಓನರ್ ಆಗಿ ರೇಟ್ ಬೀಳ್ತೈತಿ. ಲಾಭ ಅವಂದು, ಪೊಲೀಸ್ರು ಬರೋದು ನಮ್ಮ ಮನಿಗೆ.

ನಮ್ಮ ಕಾಕಾನ ಮನಿಗೆ ಬಂದ್ರು. ಗದಗ ಬೆಟಗೇರಿಯೊಳಗ ಅವರ ಮನಿ, ರಿಟೈರ್ಡ್ ಮಾಸ್ತರು, ವಯಸ್ಸು ಅರವತ್ತು ದಾಟೇತಿ. ಹಳೇ ಓಮ್ನಿ ಒಂದು ಹುಬ್ಬಳ್ಳಿ ಏಜೆಂಟ್ ಕಡೆ ಕೊಟ್ಟಿದ್ರು. ಆ ಓಮ್ನಿ ಹಾವೇರಿ ಜಿಲ್ಲೆಯೊಳಗ ಕುರಿ ಕಳವಿಗೆ ಬಳಕಿ ಆಗಿತ್ತು, ಊರವ್ರು ಬೆನ್ನ ಹತ್ತಿದಾಗ ಹೊಲದ ದಾರ್ಯಾಗ ಗಾಡಿ ಬಿಟ್ಟು ಓಡಿ ಹೋಗ್ಯಾರ. ಸಾದಾ ಡ್ರೆಸ್ಸಿನ್ಯಾಗ ಬಂದ ಪೊಲೀಸಪ್ಪ ಮೊಬೈಲ್‌ನ್ಯಾಗಿನ ಫೋಟೊ ತೋರ್ಸಿದ್ರು. ಹಿಂದಿನ ಸೀಟ್ ಎಲ್ಲಾ ಕಿತ್ತು ಒಗದಾರ, ತಳಕ್ಕ ಗೋಣಿಚೀಲ ಹಾಸ್ಯಾರ, ಅದರ ಮ್ಯಾಲ ಪೂರ್ತಿ ಕುರಿ ಹಿಕ್ಕಿ, ಬಾಗಿಲ ಸಂದ್ಯಾಗ ಕುರಿ ಕೂದಲ ಸಿಕ್ಕೊಂಡಿತ್ತು. ಮುಂದ ಮಾತ್ರ ನಮ್ಮ ಕಾಕಿ ಅಂಟಿಸಿದ್ದ ಎಲ್ಲಮ್ಮನ ಸ್ಟಿಕರ್ ಹಂಗ ಇತ್ತು. ಅದನ್ನ ನೋಡಿ ಕಾಕಿ ಅಳಾಕ ಹತ್ತಿದ್ರು.

"ನಾಳೆ ಠಾಣೆಗೆ ಬಂದು ಹೇಳಿಕಿ ಕೊಡ್ರಿ" ಅಂದ್ರು. ಓಣಿ ಮಂದಿಗೆ ಇಷ್ಟ ಸಾಕಾತು, ಸಂಜಿ ಅನ್ನೋದ್ರೊಳಗ ಮಾಸ್ತರ ಮ್ಯಾಲ ಕೇಸ್ ಆಗೇತಂತ ಅಂತ ಸುದ್ದಿ. ನಲವತ್ತು ವರ್ಷ ಮಾನದಿಂದ ಬಾಳಿದ ಮನಶ್ಯಾ ಎರಡು ದಿನ ಹೊರಗ ಬರಲಿಲ್ರಿ, ನನಗ ಇವತ್ತಿಗೂ ಹೊಟ್ಟಿ ಉರೀತೈತಿ. ಗಾಡಿ ಹೆಸರಿಗೆ ಐತಿ ಅಂದ ಮಾತ್ರಕ್ಕ ಯಾರೂ ಕಳ್ಳ ಆಗಂಗಿಲ್ಲ, ಕಳವಿನ್ಯಾಗ ಇವರ ಕೈ ಇತ್ತು ಅಂತ ಪೊಲೀಸ್ರ ಸಾಬೀತು ಮಾಡಬೇಕು. ಇನ್ನೊಂದು ಮಾತು ಭಾಳ ಮಂದಿಗೆ ಗೊತ್ತಿಲ್ಲ: ಈಗಿನ ಬಿಎನ್‌ಎಸ್‌ಎಸ್ (ಪೊಲೀಸ್ ತನಿಖಿ ಹೆಂಗ ನಡೀಬೇಕು ಅಂತ ಹೇಳೋ ಕಾಯ್ದೆ, ಹಿಂದಿನ ಸಿಆರ್‌ಪಿಸಿ) 179ನೇ ಕಲಂ ಪ್ರಕಾರ ಅರವತ್ತು ದಾಟಿದ ಗಂಡಸರನ್ನ, ಮತ್ತ ಯಾವ ವಯಸ್ಸಿನ ಹೆಣ್ಣುಮಕ್ಕಳನ್ನರ ಆಗಲಿ, ಸಾಕ್ಷಿ ಹೇಳಿಕಿಗೆ ಅಂತ ಒತ್ತಾಯ ಮಾಡಿ ಠಾಣೆಗೆ ಕರೆಸಂಗಿಲ್ಲ, ಅವರು ಇರೋ ಜಾಗಕ್ಕ ಬಂದ ಕೇಳಬೇಕು. ಪರಿಚಯದ ವಕೀಲರು ಫೋನ್‌ನ್ಯಾಗ ಇದನ್ನ ಶಾಂತ ರೀತಿಯಿಂದ ಹೇಳಿದ ಮ್ಯಾಲ ಪೊಲೀಸ್ರೂ ಒಪ್ಪಿ ಮನಿಗೇ ಬಂದ್ರು, ಜಗಳ ಏನೂ ಆಗಲಿಲ್ಲ.

ಕಾಕಾನ್ನ ಉಳಿಸಿದ್ದು ಒಂದು ಹಾಳಿ. ಗಾಡಿ ಕೊಡೋ ದಿನ ಸ್ಟಾಂಪ್ ಪೇಪರ್ ಮ್ಯಾಲ ಡೆಲಿವರಿ ನೋಟ್ ಬರ್ಸಿದ್ರು, ಅದರಾಗ ಛಾಸಿ ನಂಬರ್, ತಾರೀಖು, ಟೈಮ್ ಸಹಿತ "ಸಂಜೆ 5:20" ಅಂತ ಮಾಸ್ತರ ಅಕ್ಷರದಾಗ ಇತ್ತು, ಕೆಳಗ ಏಜೆಂಟ್‌ನ ಸಹಿ, ಹಿಂದ ಅವನ ಆಧಾರ್ ಝೆರಾಕ್ಸ್. ಪೊಲೀಸ್ರು ಅದರ ಕಾಪಿ ತಗೊಂಡು ಹೇಳಿಕಿ ಬರ್ಕೊಂಡು ಹೋದ್ರು, ಅಲ್ಲಿಂದ ಏಜೆಂಟ್, ಏಜೆಂಟ್‌ನಿಂದ ಗಾಡಿ ತಗೊಂಡ ಹುಡುಗ, ಅವನಿಂದ ಎರವಲು ಒಯ್ದವ್ರು, ಹಿಂಗ ದಾರಿ ಸಿಕ್ತು.

ಆ ಹುಡುಗನ ಕಥಿ ಇನ್ನೂ ಕೆಟ್ಟದ್ದು. ರೊಕ್ಕ ಕೊಟ್ಟು ತಗೊಂಡಾನ ಖರೆ, ಆದ್ರ ಕೋರ್ಟ್‌ನ್ಯಾಗ ಗಾಡಿ ಬಿಡಿಸ್ಕೊಳ್ಳಾಕ ಅರ್ಜಿ ಹಾಕಬೇಕಂದ್ರ ಆರ್‌ಸಿ ಅವನ ಹೆಸರಿಗಿಲ್ಲ. ಕಾಕಾನ ಹತ್ರ ಕೈ ಮುಗದು ಬಂದ, "ಸರ, ನಂದೇನೂ ತಪ್ಪಿಲ್ರಿ, ನಿಮ್ಮ ತಕರಾರಿಲ್ಲ ಅಂತ ಒಂದು ಅಫಿಡವಿಟ್ ಕೊಡ್ರಿ" ಅಂದ. ಕಾಕಾ ಕೊಟ್ರು. ಜಪ್ತಿ ಆದ ಗಾಡೀನ ಠಾಣೆಯೊಳಗ ವರ್ಷಗಟ್ಟಲೆ ಕೊಳಸಬಾರ್ದು, ಪಂಚನಾಮಾ ಮಾಡಿ, ಫೋಟೊ ತಗದು, ಮುಚ್ಚಳಿಕೆ ಬರ್ಸಿಕೊಂಡು ಬಿಡ್ರಿ ಅಂತ ಸುಪ್ರೀಂ ಕೋರ್ಟ್ 2002ರಾಗ ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಕೇಸಿನ್ಯಾಗ ಹೇಳೇತಿ. ಆದ್ರ ಯಾವುದೇ ಠಾಣೆ ಹಿಂದ ಹೋಗಿ ನೋಡ್ರಿ, ಟೈರ್ ಮಣ್ಣಾಗ ಹೂತು, ಬಾನೆಟ್ ಒಳಗಿಂದ ಜಾಲಿಗಿಡ ಎದ್ದಿರ್ತಾವ. ಅರ್ಜಿ ಹಾಕೋವ್ರು ಇಲ್ಲದ್ದಕ್ಕ ಅರ್ಧ ಗಾಡಿ ಅಲ್ಲೇ ಸಾಯ್ತಾವ ಅಂತ ವಕೀಲರ ಮಾತು, ನನಗೂ ಹಂಗ ಅನಸ್ತೈತಿ.

ಕುರಿ ಕಳವಾದ್ರ ಹೇಳಿಕಿಗೆ ಮುಗೀತು. ಅದೇ ಓಮ್ನಿ ಯಾರಿಗರ ಗುದ್ದಿ ಜೀವ ಹೋಗಿದ್ರ? ಅಲ್ಲಿ ಡೆಲಿವರಿ ನೋಟ್ ಒಂದ ಕಾಯಂಗಿಲ್ರಿ. ನವೀನ್ ಕುಮಾರ್ ಮತ್ತ ವಿಜಯ್ ಕುಮಾರ್ ಅಂತ ಒಂದು ಕೇಸ್ ಐತಿ, ಕಾರ್ ಮಾರಿದ್ದು 2007ರಾಗ, ಅದು ಕೈ ಬದಲಾಗ್ತಾ ಹೋತು, ಆಕ್ಸಿಡೆಂಟ್ ಆಗಿದ್ದು 2009ರಾಗ, 2018ರಾಗ ಸುಪ್ರೀಂ ಕೋರ್ಟ್ ಏನಂತು ಅಂದ್ರ, ಆರ್‌ಸಿಯೊಳಗ ಯಾರ ಹೆಸರೈತೋ ಅವನ ಮಾಲೀಕ, ಪರಿಹಾರದ ಹೊಣಿ ಅವಂದ. ಗಾಡಿ ಇನ್ಸೂರೆನ್ಸ್ ಮುಗದಿದ್ರ ನಿಮ್ಮ ಮನಿ ಹೊಲ ಮಾರೋ ಹೊತ್ತು ಬರಬಹುದು. ನನಗ ರಾತ್ರಿ ನಿದ್ದಿ ಕೆಡಿಸಿದ್ದು ಕಳವಿನ ಕೇಸ್ ಅಲ್ಲ, ಇದು.

ಕಾನೂನಿನ್ಯಾಗ ದಾರಿ ಸರಳ ಐತಿ. ಮೋಟಾರು ವಾಹನ ಕಾಯ್ದೆ 50ನೇ ಕಲಂ ಪ್ರಕಾರ ನಮ್ಮ ರಾಜ್ಯದೊಳಗ ಮಾರಿದ್ರ 14 ದಿನದೊಳಗ ಮಾರಿದವ್ರ ಆರ್‌ಟಿಓಗೆ ತಿಳಿಸಬೇಕು, ತಗೊಂಡವ್ರಿಗೆ 30 ದಿನ. ಡೀಲರ್‌ಗೆ ಬಿಡೋದಿದ್ರ 2023ರ ಏಪ್ರಿಲ್‌ನಿಂದ ಹೊಸಾ ನಿಯಮ ಬಂದೇತಿ, ಆರ್‌ಟಿಓ ಪರವಾನಗಿ ಇದ್ದ ಡೀಲರ್ ಆದ್ರ ಗಾಡಿ ಕೊಟ್ಟಿದ್ದನ್ನ 29ಸಿ ಫಾರ್ಮ್‌ನ್ಯಾಗ ಸರ್ಕಾರದ ಪೋರ್ಟಲ್‌ಗೆ ಹಾಕಬಹುದು, ಆಮ್ಯಾಲ ಆ ಗಾಡಿ ಹೊಣಿ ಅವಂದು. ಪರವಾನಗಿ ಕೇಳಿದ್ರ ಮಾತು ತಿರಗಸೋ ಏಜೆಂಟ್ ಕಡೆ ಗಾಡಿ ಬಿಡಾಕ ಹೋಗಬ್ಯಾಡ್ರಿ, ನಾಕು ಸಾವಿರ ಕಡಿಮಿ ಬಂದ್ರೂ ಬರಲಿ. ಫಾಸ್ಟ್ಯಾಗ್ ಇದ್ರ ಅವತ್ತ ಬಂದ್ ಮಾಡಸ್ರಿ.

ಮೊದಲ ಮಾರಿಬಿಟ್ಟಿದ್ರ ಆ ನಂಬರ್‌ನ ಸರ್ಕಾರದ ಗಾಡಿ ಮಾಹಿತಿ ಸೈಟ್ ಪರಿವಾಹನ್‌ನ್ಯಾಗ ಇವತ್ತ ಹಾಕಿ ನೋಡ್ರಿ. ಹೆಸರಿನ ಕೆಲವು ಅಕ್ಷರ ಮುಚ್ಚಿರ್ತಾರ, ಆದ್ರ ನಿಮ್ಮ ಹೆಸರು ಹೌದೋ ಅಲ್ಲೋ ತಿಳೀತೈತಿ. ಹೌದು ಅಂದ್ರ ಸಹಿ ಮಾಡಿದ ಕಾಗದದ ಕಾಪಿ ಹಿಡ್ಕೊಂಡು ಆರ್‌ಟಿಓಗೆ ಹೋಗಿ ಲಿಖಿತ ಅರ್ಜಿ ಕೊಡ್ರಿ, ಕೊಟ್ಟಿದ್ದಕ್ಕ ಸೀಲ್ ಹಾಕಿಸ್ಕೊಳ್ಳದ ಹೊರಗ ಬರಬ್ಯಾಡ್ರಿ.