ಗೋಡೆಯೇರದೆ ಉಳಿದ 17 ಚಿತ್ರಗಳು

ನನ್ನ ಗೆಳತಿಯ ಮೊದಲ ಏಕವ್ಯಕ್ತಿ ಚಿತ್ರಕಲಾ ಪ್ರದರ್ಶನ ಕಳೆದ ಭಾನುವಾರ ಮುಗಿಯಿತು. ಹಲವು ವರ್ಷಗಳಿಂದ ಸಮೂಹ ಪ್ರದರ್ಶನಗಳಲ್ಲಿ ಒಂದೆರಡು ಕೃತಿಗಳನ್ನಷ್ಟೇ ಇಡುತ್ತಿದ್ದ ಅವರಿಗೆ ಇಡೀ ಗ್ಯಾಲರಿ ದೊರೆತಾಗ ನಾನು ಬಹಳ ಸಂತೋಷಪಟ್ಟಿದ್ದೆ. ಅದರ ಕಷ್ಟ ಎಂತಹುದೆಂಬುದು ಚಿತ್ರಗಳನ್ನು ಆಯಲು ಅವರೊಡನೆ ಕುಳಿತ ಮೇಲೆಯೇ ತಿಳಿಯಿತು.

ಸಮೂಹ ಪ್ರದರ್ಶನದಲ್ಲಿ ಒಂದು ಚಿತ್ರದ ಪಕ್ಕ ಬೇರೊಬ್ಬರ ಚಿತ್ರವಿರುತ್ತದೆ, ಆ ವ್ಯತ್ಯಾಸವೇ ಎರಡನ್ನೂ ಎತ್ತಿ ತೋರಿಸುತ್ತದೆ. ಏಕವ್ಯಕ್ತಿ ಪ್ರದರ್ಶನದಲ್ಲಾದರೆ ಪ್ರತಿ ಚಿತ್ರವೂ ಅದೇ ಕೈಯಿಂದ ಬಂದ ಇನ್ನೊಂದರ ಪಕ್ಕ ನಿಲ್ಲಬೇಕು. ಬಿಡಿಬಿಡಿಯಾಗಿ ನೋಡಿದಾಗ ಶೈಲಿಯೆಂದು ತೋರಿದ್ದು ಸಾಲಾಗಿ ಇಟ್ಟಾಗ ಬರಿಯ ರೂಢಿಯೆನಿಸಬಹುದು. ಗೆಳತಿಯ 41 ಕೃತಿಗಳನ್ನು ಗೋಡೆಗೆ ಒರಗಿಸಿ ನೋಡಿದಾಗ, ಅವುಗಳಲ್ಲಿ ಏಳರಲ್ಲಿ ಬೆಳಕು ಎಡಗಡೆಯ ಮೇಲ್ಮೂಲೆಯಿಂದಲೇ ಓರೆಯಾಗಿ ಇಳಿಯುತ್ತಿತ್ತು. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ತಾವೇ ಒಂದೊಂದಾಗಿ ಎತ್ತಿ ಹಿಂದಕ್ಕೆ ಇಡತೊಡಗಿದರು. ಕೊನೆಗೆ 24 ಉಳಿದವು. ಹಿಂದಕ್ಕೆ ಹೋದ 17ರಲ್ಲಿ ಬಹುಮಾನ ಪಡೆದ ಎರಡು ಚಿತ್ರಗಳೂ ಇದ್ದವು. ಈ ನಿಷ್ಠುರತೆಯೇ ಇಡೀ ಪ್ರದರ್ಶನದಲ್ಲಿ ನಾನು ಅತ್ಯಂತ ಗೌರವಿಸುವ ಸಂಗತಿ.

ತಮಗೆ ಈ ಅವಕಾಶ ತಡವಾಗಿ ಬಂತೆಂಬ ಅಳುಕು ಅವರಲ್ಲಿತ್ತು. ಫ್ರೆಂಚ್ ಚಿತ್ರಕಾರ ಪಾಲ್ ಸೆಜಾನ್ ಅವರ ಮೊದಲ ಏಕವ್ಯಕ್ತಿ ಪ್ರದರ್ಶನ 1895ರಲ್ಲಿ ಪ್ಯಾರಿಸ್ಸಿನಲ್ಲಿ, ಕಲಾಕೃತಿಗಳ ವ್ಯಾಪಾರಿ ಆಂಬ್ರೋಯಿಸ್ ವೊಲಾರ್ಡ್ ಅವರ ಗ್ಯಾಲರಿಯಲ್ಲಿ ನಡೆದಾಗ ಸೆಜಾನ್‌ಗೆ 56 ವರ್ಷವಾಗಿತ್ತೆಂದು ನಾನು ನೆನಪಿಸಿದೆ. ಗೆಳತಿಗೆ ಅದಕ್ಕಿಂತ ಹೆಚ್ಚು ಧೈರ್ಯ ಕೊಟ್ಟವರು ಇಂಗ್ಲಿಷ್ ಕವಿ, ಚಿತ್ರಕಾರ ವಿಲಿಯಂ ಬ್ಲೇಕ್. ಅವರು 1809ರಲ್ಲಿ ತಮ್ಮ ಅಣ್ಣನ ಅಂಗಡಿಯಿದ್ದ ಮನೆಯಲ್ಲೇ 16 ಕೃತಿಗಳನ್ನು ಪ್ರದರ್ಶಿಸಿ, ಅವುಗಳ ವಿವರಣೆಯ ಪುಸ್ತಿಕೆಯನ್ನೂ ತಾವೇ ಬರೆದಿದ್ದರು. ಬಂದವರು ಕೆಲವರೇ, ಪತ್ರಿಕೆಯಲ್ಲಿ ಬಂದ ವಿಮರ್ಶೆಯೂ ಕಟುವಾಗಿತ್ತು.

ಚಿತ್ರಗಳನ್ನು ತೂಗುಹಾಕುವ ಕೆಲಸ ಎರಡು ದಿನ ಹಿಡಿಯಿತು. ಗಾತ್ರ ಬೇರೆಬೇರೆಯಾದಾಗ ಮೇಲಂಚುಗಳನ್ನಲ್ಲ, ನಡುಬಿಂದುಗಳನ್ನು ಒಂದೇ ಮಟ್ಟಕ್ಕೆ, ಅಂದರೆ ನೆಲದಿಂದ ಸುಮಾರು 145ರಿಂದ 150 ಸೆಂಟಿಮೀಟರ್ ಎತ್ತರಕ್ಕೆ ತರುವುದು ವಾಡಿಕೆ. ತೈಲವರ್ಣಕ್ಕೆ ಸುಮಾರು 200 ಲಕ್ಸ್ (ಮೇಲ್ಮೈಗೆ ಬೀಳುವ ಬೆಳಕಿನ ಅಳತೆ) ಬೆಳಕು ಸಲ್ಲುತ್ತದೆ. ಜಲವರ್ಣದ ಬಣ್ಣ ಬೆಳಕಿಗೆ ಬೇಗ ಮಾಸುವುದರಿಂದ ಅದಕ್ಕೆ 50 ಲಕ್ಸ್ ಸಾಕು. ಹೀಗಾಗಿ ಜಲವರ್ಣಗಳೆಲ್ಲ ಒಳಕೋಣೆಗೆ ಹೋದವು. ಹೊರಗಿನ ಬೆಳಕಿನಿಂದ ಅಲ್ಲಿಗೆ ಕಾಲಿಟ್ಟವರಿಗೆ ಮೊದಲು ಕಾಗದವೆಲ್ಲ ಮಂಕಾಗಿ ಕಾಣುತ್ತಿತ್ತು. ಕಣ್ಣು ಮಬ್ಬಿಗೆ ಹೊಂದಿಕೊಂಡಂತೆ ನೀಲಿಯೊಳಗಿನ ಹಸಿರು, ಬಣ್ಣ ತಾಗಿಸದೆ ಬಿಟ್ಟ ಬಿಳಿ ಅಂಚುಗಳು ನಿಧಾನವಾಗಿ ಮೂಡುತ್ತಿದ್ದವು. ಅವಸರದಿಂದ ಹೊರಟವರಿಗೆ ಅವು ಕಾಣಲೇ ಇಲ್ಲ, ಅದು ನನಗೆ ನಿಜಕ್ಕೂ ನೋವು ತಂದಿತು.

ಉದ್ಘಾಟನೆಯ ಸಂಜೆ ಎಲ್ಲರೂ ಕಲಾವಿದೆಯ ಸುತ್ತಲೇ ನೆರೆದಿದ್ದರು. ಚಿತ್ರಗಳಿಗೆ ನೋಟ ದೊರೆತದ್ದು ಮೂರನೆಯ ದಿನದ ಮಧ್ಯಾಹ್ನ. ಹಿರಿಯರೊಬ್ಬರು ಒಳಕೋಣೆಯ ಒಂದು ಪುಟ್ಟ ಜಲವರ್ಣದ ಮುಂದೆ ಇಪ್ಪತ್ತು ನಿಮಿಷ ನಿಂತು, ಈ ಖಾಲಿ ಕುರ್ಚಿಯಲ್ಲಿ ಕೂರುತ್ತಿದ್ದವರು ಯಾರೆಂದು ಕೇಳಿದರು. ಗೆಳತಿಗೆ ತಕ್ಷಣ ಉತ್ತರಿಸಲಾಗಲಿಲ್ಲ.

ಆ ಕುರ್ಚಿಯಲ್ಲಿ ಅವರ ತಾಯಿ ಕುಳಿತಿರುವ ಇನ್ನೊಂದು ಚಿತ್ರ ಹಿಂದಕ್ಕೆ ಹೋದ 17ರಲ್ಲಿತ್ತು. ಅದನ್ನು ಬಿಡಬೇಕೆಂದು ಪಟ್ಟು ಹಿಡಿದವಳು ನಾನು. ಕೊನೆಯ ದಿನ ಎಲ್ಲವನ್ನೂ ಇಳಿಸಿದ ಮೇಲೆ ಅವರು ಆ ಚಿತ್ರವನ್ನು ತಂದು, ಖಾಲಿ ಕುರ್ಚಿಯ ಚಿತ್ರವಿದ್ದ ಮೊಳೆಯ ಪಕ್ಕದಲ್ಲಿ ಎರಡೂ ಕೈಯಿಂದ ಎತ್ತಿ ಹಿಡಿದರು. "ಇದರ ಜಾಗ ಇಲ್ಲಿತ್ತು," ಎಂದರು. ನೋಡಿದಾಗ ನನಗೂ ಹಾಗೆಯೇ ಅನಿಸಿತು.