ಚುಕ್ಕೆ ಹೋಗಿ ಆಲೆಮನೆ ಮೇಲೆ ಬಿತ್ತು

ರೇಡಿಯೊ ಸಿಗ್ನಲ್ ಯಾವ ದಿಕ್ಕಿನಿಂದ ಬರುತ್ತಿದೆ ಅಂತ ತೋರಿಸುವ ಡಿಎಫ್ (ಡೈರೆಕ್ಷನ್ ಫೈಂಡಿಂಗ್) ಸೆಟ್ ಮಾಡುವ ಮೈಸೂರಿನ ಒಂದು ಕಂಪನಿಯಲ್ಲಿ ಫೀಲ್ಡ್ ಟೆಸ್ಟಿಂಗ್ ನನ್ನ ಕೆಲಸ. ಬೆನ್ನಿಗೆ ಹಾಕಿಕೊಳ್ಳುವ ಸೆಟ್. ಕಮಾಂಡೊಗಳ ಜೊತೆ ಹೋಗುವ ಸಿಗ್ನಲ್ಸ್ ತಂಡಕ್ಕೆ ಅಂತಲೇ ಮಾಡಿದ್ದು. ಎದುರಿನವನ ಮಾತು ಎನ್‌ಕ್ರಿಪ್ಟ್ ಆಗಿದ್ದರೂ ಚಿಂತೆಯಿಲ್ಲ, ಅವನು ಮಾತಾಡಲು ರೇಡಿಯೊದ ಗುಂಡಿ (ಪಿಟಿಟಿ) ಒತ್ತಿದರೆ ಸಾಕು, ದಿಕ್ಕು ಸಿಗುತ್ತದೆ.

ದಿಕ್ಕು ಅಷ್ಟೇ. ಜಾಗ ಅಲ್ಲ. ಇದನ್ನು ನಮ್ಮ ಮ್ಯಾನೇಜರ್‌ಗೆ ಅರ್ಥ ಮಾಡಿಸುವುದರಲ್ಲೇ ನನ್ನ ಅರ್ಧ ಸರ್ವಿಸ್ ಕಳೆದಿದೆ.

ಡೆಮೊ ಪಾಂಡವಪುರದ ಕುಂತಿಬೆಟ್ಟದ ಹತ್ತಿರ ಇತ್ತು. ನಮ್ಮ ಹುಡುಗನೊಬ್ಬ ವಾಕಿಟಾಕಿ ಹಿಡಿದು ಫಾಕ್ಸ್ ಆಗಿ, ಅಂದರೆ ನಾವು ಹುಡುಕಬೇಕಾದ ಗುರಿಯಾಗಿ, ಎಲ್ಲೋ ಅಡಗಿದ್ದ. ನಾವು ಎರಡು ಸೆಟ್ಟಿನಿಂದ ಎಲ್‌ಓಬಿ (ಸಿಗ್ನಲ್ ಬಂದ ದಿಕ್ಕಿನ ಗೆರೆ) ತೆಗೆದು ಫಿಕ್ಸ್, ಅಂದರೆ ಆ ಗೆರೆಗಳು ಕೂಡುವ ಜಾಗ, ಕೊಡಬೇಕು, ಜೀಪಿನಲ್ಲಿ ಕಾದಿರುವ ‘ದಾಳಿ ತಂಡ’ ಅಲ್ಲಿಗೆ ನುಗ್ಗಬೇಕು. ನೋಡಲು ಬಂದವರು ಸೈನ್ಯದ ಸಿಗ್ನಲ್ಸ್‌ನಲ್ಲಿದ್ದು ನಿವೃತ್ತರಾದ ಸುಬೇದಾರ್ ಸಾಹೇಬರು.

ಎರಡನೇ ಸೆಟ್ ತೊಣ್ಣೂರು ಕೆರೆ ಕಡೆ ಹೋಗಬೇಕಿತ್ತು. ಕಬ್ಬು ಕಡಿಯುವ ಕಾಲ, ರಸ್ತೆ ತುಂಬ ಟ್ರಾಕ್ಟರ್. ಮ್ಯಾನೇಜರ್ ಫೋನಿನಲ್ಲಿ, “ಟೈಮ್ ಆಗ್ತಿದೆ ಕಣ್ರೀ, ಎಲ್ಲಿದ್ದೀರೋ ಅಲ್ಲೇ ಹಾಕಿ” ಅಂದರು. ನಾನೂ ‘ಸಾಕು ಬಿಡು, ಡೆಮೊ ತಾನೇ’ ಅಂದುಕೊಂಡೆ. ಬೇಸ್‌ಲೈನ್, ಅಂದರೆ ಎರಡು ಸೆಟ್ಟಿನ ನಡುವಿನ ಅಂತರ, 400 ಮೀಟರ್ ಆಯಿತು.

ಫಾಕ್ಸ್ ಎರಡು ಮೂರು ಸೆಕೆಂಡ್ ಒತ್ತಿ ಬಿಡುತ್ತಿದ್ದ. ಮೊದಲ ಗೆರೆ ಗಟ್ಟಿ ನಿಂತಿತು. ಎರಡನೆಯದು ಒಂದು ಸಲ ಬೆಟ್ಟದ ಕಡೆ ತಿರುಗಿತು, ಇನ್ನೊಂದು ಸಲ ಕಬ್ಬಿನ ಗದ್ದೆ ಕಡೆ. ಸಿಗ್ನಲ್ ಬಂಡೆಗೆ ಬಡಿದು ಬರುತ್ತಿದೆ ಅಂತ ಗೊತ್ತಾಯಿತು. ಇನ್ನೂ ನಾಲ್ಕು ಸಲ ಒತ್ತಲಿ ಅಂತ ಕಾಯಬಹುದಿತ್ತು. ಆದರೆ ಹಿಂದೆ ಸುಬೇದಾರ್ ಸಾಹೇಬರು ಕೈಗಡಿಯಾರ ನೋಡುತ್ತಾ ನಿಂತಿದ್ದರು. ಫಾಕ್ಸ್ ಸುಮ್ಮನಾದ. ಒಂದು ನಿಮಿಷ, ಎರಡು ನಿಮಿಷ, ಹೆಡ್‌ಫೋನಿನಲ್ಲಿ ಬರೀ ಸುಯ್ ಅನ್ನುವ ಸದ್ದು. ಗದ್ದೆ ಕಡೆಯ ಗೆರೆಯನ್ನೇ ಆರಿಸಿ ಫಿಕ್ಸ್ ಒತ್ತಿದೆ. ಮ್ಯಾಪಿನ ಮೇಲೆ ಕುಂಕುಮದ ಬೊಟ್ಟಿನ ಹಾಗೆ ಅಚ್ಚುಕಟ್ಟಾದ ಚುಕ್ಕೆ. ಎಷ್ಟು ನಂಬಬಹುದು ಅನ್ನುವ ಸುಳಿವೇ ಇಲ್ಲ.

ಜೀಪು ಓಡಿತು. ಹುಡುಗರು ನುಗ್ಗಿದ್ದು ಒಂದು ಆಲೆಮನೆಗೆ. ಕೊಪ್ಪರಿಗೆ ಮುಂದೆ ನಿಂತಿದ್ದ ಯಜಮಾನರು ಹೆದರಲೂ ಇಲ್ಲ. “ಯಾಕ್ರಪ್ಪ ಹಿಂಗ್ ಓಡ್ ಬತ್ತಿದ್ದೀರಿ? ಬೆಲ್ಲಕ್ಕೆ ಇನ್ನೂ ಪಾಕ ಬಂದಿಲ್ಲ, ಕೂತ್ಕಳಿ” ಅಂದರಂತೆ. ಫಾಕ್ಸ್ ಮಾತ್ರ ಒಂದು ಕಿಲೋಮೀಟರಿಗೂ ಆಚೆ ಪಂಪ್‌ಹೌಸಿನಲ್ಲಿ ಕೂತು “ಹಲೋ, ಮುಗೀತಾ ಸಾರ್?” ಅನ್ನುತ್ತಿದ್ದ.

ಸುಬೇದಾರ್ ಸಾಹೇಬರು ನಗಲಿಲ್ಲ. ನನ್ನ ನೋಟ್‌ಬುಕ್ ಇಸಿದುಕೊಂಡು ಎರಡು ಗೆರೆ ಎಳೆದರು. ಗುರಿ 3 ಕಿಲೋಮೀಟರ್ ದೂರ, ಗೆರೆಯಲ್ಲಿ 3 ಡಿಗ್ರಿ ತಪ್ಪು ಅಂತಿಟ್ಟುಕೊಂಡರೆ ಅಡ್ಡಕ್ಕೆ ಸುಮಾರು 150 ಮೀಟರ್ ಹೆಚ್ಚುಕಡಿಮೆ. ಆದರೆ 400 ಮೀಟರ್ ಬೇಸ್‌ಲೈನಿನಲ್ಲಿ ಎರಡೂ ಗೆರೆ ಹತ್ತಿರ ಹತ್ತಿರ ಒಂದೇ ಕಡೆ ಓಡುತ್ತವೆ. ಹಾಗಾಗಿ ಮುಂದಕ್ಕೂ ಹಿಂದಕ್ಕೂ ಒಂದೂವರೆ ಕಿಲೋಮೀಟರ್ ಜಾರಬಹುದು. “ಇವತ್ತು ಬೆಲ್ಲದವರು ಸಿಕ್ಕಿದ್ರು. ನಿಜವಾದ ದಾಳೀಲಿ ಅಲ್ಲಿ ಮಕ್ಕಳು ಮಲಗಿರ್ತಾರೆ ಸಾರ್” ಅಂದರು.

ಈ ಕೆಲಸದಲ್ಲಿರುವವರಿಗೆಲ್ಲ ಡ್ರಗ್ಸ್ ದೊರೆ ಪಾಬ್ಲೊ ಎಸ್ಕೋಬಾರ್ ಕತೆ ಗೊತ್ತು. 1993ರ ಡಿಸೆಂಬರ್ 2ರಂದು ಕೊಲಂಬಿಯಾದ ಮೆಡೆಯಿನ್‌ನಲ್ಲಿ ಅವನ ರೇಡಿಯೊ ಫೋನಿನ ಜಾಡು ಹಿಡಿದವರು ಮೊದಲು ನುಗ್ಗಿದ್ದು ಬೇರೆ ಕಟ್ಟಡಕ್ಕೆ. ಆಮೇಲೆ ಬೀದಿಬೀದಿ ಸುತ್ತಿ, ಕಿಟಕಿಯಲ್ಲಿ ಅವನನ್ನು ಕಣ್ಣಾರೆ ನೋಡಿದ ಮೇಲೇ ಮನೆ ಖಚಿತವಾಯಿತು. ಅಂಥವರೇ ಕಣ್ಣಿನಿಂದ ನೋಡಿ ಖಾತ್ರಿ ಮಾಡಿಕೊಂಡಿದ್ದರು ಅಲ್ವಾ?

ವಾಪಸ್ ಬಂದ ಮೇಲೆ ಮೀಟಿಂಗ್. ಮ್ಯಾನೇಜರ್ ಹೇಳಿದ್ದು, “ಮುಂದಿನ ಸಲ ಬೆಟ್ಟ ಇಲ್ಲದ ಕಡೆ ಡೆಮೊ ಇಟ್ಕೊಳ್ಳೋಣ.” ಕಮಾಂಡೊಗಳನ್ನು ಬಯಲಿಗೆ ಮಾತ್ರ ಕಳಿಸುತ್ತಾರಾ ಅಂತ ಕೇಳಿದೆ. ಯಾರೂ ಉತ್ತರ ಕೊಡಲಿಲ್ಲ.

ಚುಕ್ಕೆ ತೆಗೆದು ಎಲಿಪ್ಸ್ (ಗುರಿ ಇರಬಹುದಾದ ಜಾಗವನ್ನೆಲ್ಲ ಸುತ್ತುವ ಮೊಟ್ಟೆಯಾಕಾರದ ಗೆರೆ) ತೋರಿಸಿ, ಗೆರೆಗಳು ತೀರಾ ಹತ್ತಿರವಿದ್ದರೆ ಫಿಕ್ಸ್ ಬಟನ್ನೇ ಲಾಕ್ ಮಾಡಿ ಅಂತ ಟಿಕೆಟ್ (ಬದಲಾವಣೆಯ ಕೋರಿಕೆ) ಹಾಕಿದೆ. ಲಾಕ್ ಬೇಡ ಅಂದರು, ಕಸ್ಟಮರ್‌ಗೆ ಬೇಜಾರಾಗುತ್ತದಂತೆ. ಎಲಿಪ್ಸ್ ಹೊಸ ರಿಲೀಸಿನಲ್ಲಿ ಬಂದಿದೆ. ಡಿಫಾಲ್ಟ್ ಆಫ್. ಸೆಟ್ಟಿಂಗ್ಸ್ ಒಳಗೆ ಮೂರನೇ ಮೆನುವಿನಲ್ಲಿದೆ, ಗ್ಲೌಸ್ ಹಾಕಿದ ಕೈಯಲ್ಲಿ ಒತ್ತಲು ಆಗುವುದಿಲ್ಲ. ಅದಕ್ಕೂ ಒಂದು ಟಿಕೆಟ್ ಹಾಕಿದ್ದೇನೆ.